ಯಾರ್ಡಿನಲ್ಲೇ ಜಾಕ್ ಹಾಕಿ ತಗೊಂಡ ಫೋರ್ ವೀಲ್ ಗಾಡಿ: ನನ್ನ ಅನುಭವ

ಹೋದ ವಾರ ಭಾವ ಫೋನ್ ಮಾಡಿ, "ನಿನ್ನ ಜಾಕ್ ಎರಡು ದಿನಕ್ಕೆ ಕೊಡ್ತೀಯಾ? ಮೈಸೂರಲ್ಲಿ ಒಂದು ಗಾಡಿ ನೋಡಿದ್ದೀನಿ" ಅಂದರು. ನಾನು ಥಾರ್ ಜೀಪ್ ತರಲು ಹೊರಟಾಗ "ಡೀಲರ್ ಹತ್ರ ಹಳೇ ಫೋರ್ ವೀಲ್ ಹುಡುಕೋದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ" ಅಂತ ಮನೆಯವರೆಲ್ಲರ ಮುಂದೆ ಹೇಳಿದ್ದೂ ಇದೇ ಭಾವ. ಜಾಕ್ ಕೊಡುತ್ತೇನೆ. ಜೊತೆಗೆ ಹಳೇ ಫೋರ್ ವೀಲ್ ಗಾಡಿಯನ್ನು, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಗಾಡಿಯನ್ನು, ಡೀಲರ್ ಯಾರ್ಡಿನಲ್ಲೇ ನಾನು ಪರೀಕ್ಷಿಸಿ ತಗೊಂಡ ಬಗೆಯನ್ನೂ ಬರೆದು ಕೊಡೋಣ ಅನ್ನಿಸಿತು. ಕೇಳುವವರು ದಿನಾ ಜಾಸ್ತಿ ಆಗುತ್ತಿದ್ದಾರೆ.

ನಮ್ಮ ತೋಟ ಸಕಲೇಶಪುರದಿಂದ ಹೆತ್ತೂರು ಕಡೆಗೆ. ಕೊನೆಯ ಎರಡು ಕಿಲೋಮೀಟರ್ ಮಣ್ಣು ರಸ್ತೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದರ ಮೇಲೆ ನಡೆಯುವುದೇ ಕಷ್ಟ, ಅಷ್ಟು ಜಾರು. ಗೊಬ್ಬರ, ಪಂಪ್‌ಸೆಟ್, ಆಳುಗಳು, ಮನೆ ಸಾಮಾನು, ಎಲ್ಲಾ ಇದೇ ರಸ್ತೆಯಲ್ಲಿ ಹೋಗಬೇಕು. ಹೊಸ ಗಾಡಿಗೆ ದುಡ್ಡಿರಲಿಲ್ಲ. ಪರಿಚಯದವರ ಹತ್ತಿರ ಒಳ್ಳೆ ಗಾಡಿ ಇದ್ದರೆ ಅವರು ಮಾರುವುದಿಲ್ಲ. ಹಾಗಾಗಿ ಡೀಲರೇ ಗತಿ.

ಮೊದಲು ಕಳೆದುಕೊಂಡ ಲೆಕ್ಕ ಹೇಳುತ್ತೇನೆ. 2021ರಲ್ಲಿ ಒಂದು ಫೋರ್ ವೀಲ್ ಬೊಲೆರೊ ತಂದೆ, ಸುಮಾರು 3.40 ಲಕ್ಷಕ್ಕೆ. ಎಂಜಿನ್ ಗಡಿಯಾರದ ಹಾಗೆ ಓಡುತ್ತಿತ್ತು. ಯಾರ್ಡಿನ ಹುಡುಗ ಫೋರ್ ವೀಲ್ ಲಿವರ್ ಎಳೆದು ತೋರಿಸಿದ, ಟಕ್ ಅಂತ ಬಿತ್ತು, ಡ್ಯಾಶ್‌ಬೋರ್ಡಿನಲ್ಲಿ ಲೈಟೂ ಬಂತು. ನಾನು ನಂಬಿದೆ. ಜೂನ್‌ನ ಮೊದಲ ಮಳೆಯಲ್ಲಿ ನಮ್ಮ ಏರಿನಲ್ಲಿ ನಿಂತಾಗ ಹಿಂದಿನ ಚಕ್ರ ಸುಮ್ನೆ ತಿರುಗುತ್ತಿತ್ತು, ಮುಂದಿನದು ಮಿಸುಕಲಿಲ್ಲ. ಹಬ್ (ಮುಂದಿನ ಚಕ್ರವನ್ನು ಆಕ್ಸಲ್ ಜೊತೆ ಸೇರಿಸುವ ಭಾಗ) ಬಿಚ್ಚಿಸಿದರೆ ಒಂದು ಕಡೆ ಹಲ್ಲು ಪೂರ್ತಿ ಸವೆದಿತ್ತು, ಇನ್ನೊಂದು ಕಡೆ ಒಳಗಿನ ಸಾಮಾನೇ ಇರಲಿಲ್ಲ. ಲಿವರ್ ಬಿದ್ದರೆ, ಲೈಟ್ ಬಂದರೆ ಗೇರ್ ಸೇರಿದೆ ಅಂತ ಮಾತ್ರ ಅರ್ಥ. ಚಕ್ರಕ್ಕೆ ಶಕ್ತಿ ಮುಟ್ಟಿದೆ ಅಂತ ಅಲ್ಲ.

ಅದರ ಮೇಲೆ ಇನ್ನೊಂದು ಪೆಟ್ಟು. ಆರ್‌ಸಿಯಲ್ಲಿ ಹಳೇ ಮಾಲೀಕರ ಸಾಲ ಹಾಗೇ ಕೂತಿತ್ತು. ಬ್ಯಾಂಕಿನ ಎನ್‌ಒಸಿ, ಸಾಲ ತೀರಿತು ಅಂತ ಕೊಡುವ ಫಾರಂ 35 ಎರಡೂ "ನಾಳೆ ಬರುತ್ತೆ ಸಾರ್" ಅನ್ನುವುದರಲ್ಲೇ ಒಂಬತ್ತು ತಿಂಗಳು ಹೋಯಿತು. ಕೊನೆಗೆ 2.60ಕ್ಕೆ ಮಾರಿದೆ. ಓಡಾಟ, ರಿಪೇರಿ ಎಲ್ಲಾ ಸೇರಿ ಹತ್ತಿರ ಹತ್ತಿರ 1.20 ಲಕ್ಷ ಕೈಬಿಟ್ಟಿತು. ಆಮೇಲೆ ಕರಾವಳಿಯ ಒಂದು ಯಾರ್ಡಿನಲ್ಲಿ ಥಾರ್‌ಗೆ 20 ಸಾವಿರ ಅಡ್ವಾನ್ಸ್ ಕೊಟ್ಟೆ. ಅಡಿಯಲ್ಲಿ ಮಿರಿಮಿರಿ ಕಪ್ಪು ಬಣ್ಣ. ಎರಡನೇ ಸಲ ಹೋದಾಗ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿದೆ. ಗಟ್ಟಿ ಚಾಸಿ ಠಣ್ ಅನ್ನುತ್ತದೆ. ಇದು ಹಿಂದಿನ ಸ್ಪ್ರಿಂಗ್ ಪ್ಲೇಟ್ ಕೂರುವ ಜಾಗದಲ್ಲಿ ಡಬ್ ಡಬ್ ಅಂತು. ತುಕ್ಕಿನ ಮೇಲೇ ಬಣ್ಣ ಬಳಿದಿದ್ದರು. ಅಡ್ವಾನ್ಸ್ ವಾಪಸ್ ಬರಲಿಲ್ಲ.

ಆ ರಾತ್ರಿ ಶಿರಾಡಿ ಘಾಟಿ ಹತ್ತಿ ಬರುವಾಗ ತೀರ್ಮಾನ ಮಾಡಿದೆ. ಇನ್ನು ಮೇಲೆ ಯಾವ ಯಾರ್ಡಿಗೆ ಹೋದರೂ ನನ್ನ ಜಾಕ್, ನನ್ನ ಎರಡು ಸ್ಟ್ಯಾಂಡ್, ನನ್ನ ಚಾಪೆ ಜೊತೆಗಿರುತ್ತದೆ. ಬಾನೆಟ್ ಎತ್ತುವುದು ಕೊನೆಗೆ. ಮೊದಲು ಮುಂದಿನ ಎರಡು ಚಕ್ರ ಎತ್ತುವುದು.

ವಿಧಾನ ಇಷ್ಟೇ. ಸಮತಟ್ಟಾದ ಗಟ್ಟಿ ನೆಲ ನೋಡಿ ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ. ಗೇರ್ ನ್ಯೂಟ್ರಲ್, ಟ್ರಾನ್ಸ್‌ಫರ್ ಲಿವರ್ (ಅದೇ ಫೋರ್ ವೀಲ್ ಲಿವರ್) ಫೋರ್ ಹೈ, ಅಂದರೆ ನಾಲ್ಕೂ ಚಕ್ರಕ್ಕೆ ಮಾಮೂಲಿ ವೇಗದ ಗೇರ್. ವ್ಯಾಕ್ಯೂಮ್ ಹಬ್ (ಗಾಳಿ ಸೆಳೆತದಿಂದ ತಾನೇ ಸೇರುವುದು) ಇದ್ದರೆ ಎಂಜಿನ್ ಓಡುತ್ತಿರಬೇಕು, ಇಲ್ಲದಿದ್ದರೆ ಹಬ್ ಸೇರುವುದೇ ಇಲ್ಲ. ಆಗ ಸೀಟಿನಲ್ಲಿ ನಿಮ್ಮವರೇ ಒಬ್ಬರು ಕೂತಿರಲಿ, ಗೇರಿಗೆ ಯಾರೂ ಕೈ ಹಾಕಬಾರದು. ಕೈಯಲ್ಲಿ ತಿರುಗಿಸುವ ಹಬ್ ಆದರೆ ಲಾಕ್ ಮಾಡಿ, ಎಂಜಿನ್ ಬೇಡ. ಈಗ ಒಂದು ಚಕ್ರವನ್ನು ಮುಂದಕ್ಕೆ ತಿರುಗಿಸಿ. ಇನ್ನೊಂದು ಹಿಂದಕ್ಕೆ ತಿರುಗಬೇಕು. ತಿರುಗಿದರೆ ಎರಡೂ ಹಬ್ ಸೇರಿವೆ. ಆಮೇಲೆ ಎರಡೂ ಚಕ್ರವನ್ನು ಒಟ್ಟಿಗೆ ಮುಂದಕ್ಕೆ ತಿರುಗಿಸಲು ನೋಡಿ. ಬಿಗಿಯಾಗಿ ನಿಂತರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ ಚಕ್ರಗಳಿಗೂ ಶಕ್ತಿ ಹಂಚುವ ಪೆಟ್ಟಿಗೆ) ಹಿಡಿದಿದೆ, ಅಲ್ಲಿಂದ ಮುಂದಿನ ಆಕ್ಸಲ್ ತನಕ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಜಾಗದಲ್ಲಿದೆ. ಒಂದು ಚಕ್ರ ತಿರುಗಿ ಇನ್ನೊಂದು ಸುಮ್ಮನಿದ್ದರೆ ಎಲ್ಲೋ ಕಳಚಿದೆ. ಶಾಫ್ಟಿನ ಮೇಲೆ ಚಾಕ್‌ಪೀಸಿನಿಂದ ಒಂದು ಗೆರೆ ಎಳೆದಿಟ್ಟರೆ ಎಲ್ಲಿ ಅಂತಲೂ ಗೊತ್ತಾಗುತ್ತದೆ. ಗೆರೆ ತಿರುಗಿದರೆ ಟ್ರಾನ್ಸ್‌ಫರ್ ಕೇಸ್ ಕಡೆ, ನಿಂತೇ ಇದ್ದರೆ ಹಬ್ ಅಥವಾ ಆಕ್ಸಲ್ ಕಡೆ. ಮೈಲೇಜಿಗೆ ಅಂತ ಮುಂದಿನ ಶಾಫ್ಟನ್ನೇ ಬಿಚ್ಚಿಟ್ಟ ಎರಡು ಗಾಡಿ ನನಗೆ ಸಿಕ್ಕಿವೆ.

ನಮ್ಮ ಮೆಕ್ಯಾನಿಕ್ ಕೂಡ ಮೊದಲು ಒಪ್ಪಲಿಲ್ಲ. "ಅಣ್ಣ, ಯಾರ್ಡಲ್ಲಿ ಯಾರು ಜಾಕ್ ಹಾಕೋಕೆ ಬಿಡ್ತಾರೆ?" ಅಂದ. ಅವನ ಮಾತು ಪೂರ್ತಿ ಸುಳ್ಳಲ್ಲ. ಹಾಸನ, ಮೈಸೂರು, ಬೆಂಗಳೂರು ಸೇರಿ ಹನ್ನೊಂದು ಗಾಡಿ ನೋಡಿದೆವು. ಮೂರು ಕಡೆ ಬಿಡಲಿಲ್ಲ. ಒಂದು ಕಡೆ "ಸಾರ್, ಇದು ಗ್ಯಾರೇಜ್ ಅಲ್ಲ" ಅಂದರು, ವಾಪಸ್ ಬಂದೆವು. ಉಳಿದ ಎಂಟರಲ್ಲಿ ಐದು ಗಾಡಿ ಈ ಒಂದೇ ಪರೀಕ್ಷೆಯಲ್ಲಿ ಬಿದ್ದವು. ಎಂಟಕ್ಕೆ ಐದು! ಎಲ್ಲಕ್ಕೂ "ಫೋರ್ ಬೈ ಫೋರ್ ಪಕ್ಕಾ ಕಂಡಿಷನ್" ಅಂತ ಚೀಟಿ ಅಂಟಿಸಿದ್ದರು.

ದೆಹಲಿ ಗಾಡಿಗಳ ಬಗ್ಗೆ ಒಂದು ಮಾತು. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ತಡೆ ಇದ್ದಿದ್ದರಿಂದ ಅವು ದಕ್ಷಿಣಕ್ಕೆ ಬರುತ್ತಿದ್ದವು, ನೋಡಲು ಚೆನ್ನಾಗಿರುತ್ತಿದ್ದವು, ರೇಟೂ ಕಡಿಮೆ ಇತ್ತು. ಬೆಂಗಳೂರಲ್ಲಿ ಒಂದನ್ನು 4.20ಕ್ಕೆ ಕೊಡಲು ತಯಾರಿದ್ದರು. ಆದರೆ ಅಲ್ಲಿನ ಆರ್‌ಟಿಒ ಎನ್‌ಒಸಿ ತರಿಸಿ, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿ ಕೆಎ ನಂಬರ್ ಮಾಡಿಸಲು ಏಜೆಂಟ್ ಹೇಳಿದ ಲೆಕ್ಕ 80 ಸಾವಿರದ ಹತ್ತಿರ ಬಂತು. ಕಾಗದಕ್ಕೆ ಎಷ್ಟು ತಿಂಗಳು ಅನ್ನುವುದಕ್ಕೆ ಮಾತ್ರ ಉತ್ತರ ಇರಲಿಲ್ಲ. ಬೊಲೆರೊ ನೆನಪಾಯಿತು, ಬಿಟ್ಟೆ.

ಕೊನೆಗೆ ಸಿಕ್ಕಿದ್ದು ಮೈಸೂರಿನಲ್ಲಿ, 2023ರ ಅಕ್ಟೋಬರ್. 2014ರ ಥಾರ್ ಸಿಆರ್‌ಡಿಇ, ಕೆಎ 12 ನಂಬರ್, ಎರಡನೇ ಮಾಲೀಕರು. ಹೇಳಿದ ರೇಟ್ 6.75. ತಿಂಗಳು ಬೇಕೆಂದೇ ಆರಿಸಿದ್ದೆ. ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಮಲೆನಾಡಿನವರೆಲ್ಲ ಫೋರ್ ವೀಲ್ ಹುಡುಕುತ್ತಾರೆ, ರೇಟ್ ಇಳಿಯುವುದಿಲ್ಲ. ಅಕ್ಟೋಬರ್‌ನಲ್ಲಿ ಕಾಫಿ ಕೊಯ್ಲು ಶುರುವಾಗಿರುವುದಿಲ್ಲ, ಬೆಳೆಗಾರರ ಕೈಯಲ್ಲಿ ದುಡ್ಡಿರುವುದಿಲ್ಲ, ಡೀಲರ್ ಮಾತು ಕೇಳುತ್ತಾನೆ. 2015ರ ನಂತರದ್ದಾದರೆ ಹಿಂದಿನ ಆಕ್ಸಲ್‌ಗೆ ಲಾಕರ್ (ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಶಕ್ತಿ ಕೊಡುವುದು) ಸಿಗುತ್ತಿತ್ತು, ಆದರೆ ಅದಕ್ಕೆ ಒಂದು ಲಕ್ಷ ಮೇಲೆ ಕೇಳುತ್ತಿದ್ದರು.

ಜಾಕ್ ಹಾಕಿದೆವು. ಬಲಗಡೆ ಚಕ್ರ ತಿರುಗಿಸಿದರೆ ಎಡಗಡೆಯದು ಅಲುಗಲಿಲ್ಲ, ಗೆರೆಯೂ ತಿರುಗಲಿಲ್ಲ. ಮೆಕ್ಯಾನಿಕ್ ಚಾಪೆ ಮೇಲೆ ಮಲಗಿ ವ್ಯಾಕ್ಯೂಮ್ ಪೈಪ್ ಹುಡುಕಿದ. ಎಡಗಡೆ ಪೈಪ್ ಬಿರುಕು ಬಿಟ್ಟು ಒಳಗೆ ಕೆಸರು ತುಂಬಿತ್ತು. ಹಬ್ ಒಳಗಿನ ಹಲ್ಲು ಸರಿಯಾಗಿತ್ತು. ಇಂಥ ದೋಷ ಸಿಕ್ಕರೆ ನನಗೆ ಸಂತೋಷ. ಡೀಲರ್‌ಗೆ ಕಣ್ಣಾರೆ ತೋರಿಸಬಹುದು, ನನಗೆ ರಿಪೇರಿ ಖರ್ಚು ಗೊತ್ತಿರುತ್ತದೆ. ಅವರೂ ಬಗ್ಗಿ ನೋಡಿದರು, ವಾದ ಮಾಡಲಿಲ್ಲ.

ಆಮೇಲೆ ಎಣ್ಣೆ. ಟ್ರಾನ್ಸ್‌ಫರ್ ಕೇಸ್, ಆಕ್ಸಲ್ ನಡುವಿನ ಎರಡೂ ಡಿಫರೆನ್ಷಿಯಲ್‌ನ ಫಿಲ್ಲರ್ ಬೋಲ್ಟ್ (ಎಣ್ಣೆ ತುಂಬುವ ಕಡೆಯ ಬೋಲ್ಟ್) ತೆಗೆದು ಬೆರಳು ಹಾಕಿ ನೋಡಬೇಕು. ಕಪ್ಪಾಗಿದ್ದರೆ ಪರವಾಗಿಲ್ಲ, ಬದಲಾಯಿಸಬಹುದು. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ನೀರು ಹೋಗಿದೆ, ಬೇರಿಂಗ್ ಆಸೆ ಬಿಡಿ. ಇದರಲ್ಲಿ ಬರೀ ಕಪ್ಪು. ಟೈರ್ 31 ಇಂಚಿನದು ಹಾಕಿದ್ದರು. ಕಂಪನಿಯದು 235/70 ಆರ್16, ಅಂದರೆ 29 ಇಂಚಿನ ಹತ್ತಿರ. ದೊಡ್ಡ ಟೈರ್ ಹಾಕಿದರೆ ಮೀಟರ್ ನೂರಕ್ಕೆ ಏಳು ಕಿಲೋಮೀಟರ್ ಕಡಿಮೆ ತೋರಿಸುತ್ತದೆ. ಮೀಟರಲ್ಲಿ 71 ಸಾವಿರ ಇತ್ತು. ನಿಜವಾಗಿ ಎಷ್ಟು ಓಡಿತ್ತು ಅಂತ ಪತ್ತೆ ಹಚ್ಚಿದ ಬಗೆಯನ್ನು ಇಲ್ಲಿ ಹೇಳುವುದಿಲ್ಲ, ಕ್ಷಮಿಸಿ. ಡೀಲರ್‌ಗಳೂ ಓದುತ್ತಾರೆ.

ಅವತ್ತು ಇನ್ನೊಂದು ಪ್ರಯೋಗ ಮಾಡಿದೆ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್ ಮನೆಯಲ್ಲಿತ್ತು, ವಸ್ತುವಿನ ಬಿಸಿ ನೋಡುವ ಮೋಡ್ ಇರುವಂಥದ್ದು. ಹತ್ತು ಹನ್ನೆರಡು ಕಿಲೋಮೀಟರ್ ಓಡಿಸಿ, ಕೊನೆಗೆ ಜಾಸ್ತಿ ಬ್ರೇಕ್ ಹಿಡಿಯದೆ ನಿಲ್ಲಿಸಿ, ನಾಲ್ಕೂ ಚಕ್ರದ ನಡುವಿಗೆ ಹಿಡಿದೆ. ಮೂರು ಕಡೆ 40ರ ಆಸುಪಾಸು. ಎಡಗಡೆ ಮುಂದಿನದು 68! ಬ್ರೇಕ್ ಕ್ಯಾಲಿಪರ್ ಹಿಡಿದುಕೊಂಡಿತ್ತು. ರಿಪೇರಿಗೆ ಆಮೇಲೆ ಆಗಿದ್ದು 1,800 ರೂಪಾಯಿ. ರೇಟಿನಲ್ಲಿ ಇಳಿದದ್ದು 15 ಸಾವಿರ.

5.90ಕ್ಕೆ ಮುಗಿಯಿತು. ಆದರೆ 40 ಸಾವಿರ ಕೈಯಲ್ಲೇ ಇಟ್ಟುಕೊಂಡೆ. ಆರ್‌ಸಿ ನನ್ನ ಹೆಸರಿಗೆ ಬಂದ ದಿನ ಕೊಡುತ್ತೇನೆ ಅಂತ ಛಾಪಾ ಕಾಗದದಲ್ಲಿ ಬರೆಸಿದೆವು. ಡೀಲರ್ ಮುಖ ಸಣ್ಣದಾಯಿತು, ಆದರೂ ಒಪ್ಪಿದರು. ಅಡ್ವಾನ್ಸ್ ಕೊಡುವ ಮೊದಲೇ ಸರ್ಕಾರದ ವಾಹನ್ ವೆಬ್‌ಸೈಟಿನಲ್ಲಿ ಸಾಲ, ಚಲನ್, ವಿಮೆ, ಎಷ್ಟನೇ ಮಾಲೀಕರು, ಎಲ್ಲಾ ನೋಡಿದ್ದೆ. 2023ರ ಏಪ್ರಿಲ್‌ನಿಂದ ಹಳೇ ಗಾಡಿ ಡೀಲರ್‌ಗಳು ಆರ್‌ಟಿಒ ಅಧಿಕಾರ ಪತ್ರ ತಗೊಂಡಿರಬೇಕು. ಅದನ್ನು ತೋರಿಸಿ ಅಂದೆ, ತೋರಿಸಿದರು. ಮಾಲೀಕರ ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಆಗಿ ಐದು ವಾರದಲ್ಲಿ ಆರ್‌ಸಿ ಬಂತು. ವಿಮೆ ನಮ್ಮ ಹೆಸರಿಗೆ ಮಾಡಿಸಲು ಹದಿನಾಲ್ಕು ದಿನ ಮಾತ್ರ ಇರುತ್ತದೆ, ಅದನ್ನು ಅದೇ ವಾರ ಮುಗಿಸಿದೆ.

ಮನೆಗೆ ತಂದ ಮೇಲೆ ಖರ್ಚು ಆಯಿತು. ವ್ಯಾಕ್ಯೂಮ್ ಹಬ್ ತೆಗೆದು ಕೈಯಲ್ಲಿ ತಿರುಗಿಸುವ ಹಬ್ ಹಾಕಿಸಿದೆ, 18 ಸಾವಿರ ಇರಬೇಕು. ಎಲ್ಲಾ ಎಣ್ಣೆ, ಪ್ಲೇಟ್ ಬುಷ್, ಕ್ಲಚ್ ಸೇರಿ ಇನ್ನೊಂದು 35 ಸಾವಿರ. ದೊಡ್ಡ ಟೈರ್ ಮಾರಿ ಕಂಪನಿ ಸೈಜಿನದು ಹಾಕಿದೆ, ಮೇಲೆ ಹೋಗಿದ್ದು 12 ಸಾವಿರ. ಒಟ್ಟು ಆರೂವರೆ ಲಕ್ಷ ಸಮೀಪ. ಆಗ ಅದೇ ಸ್ಥಿತಿಯ ಗಾಡಿ ನಮ್ಮ ಕಡೆ ಏಳಕ್ಕೆ ಕಡಿಮೆ ಸಿಗುತ್ತಿರಲಿಲ್ಲ.

ಮೊದಲ ಮಳೆಗಾಲದಲ್ಲಿ ಟೈರಿನ ಗಾಳಿ ಇಳಿಸುವ ಪ್ರಯೋಗ ಮಾಡಿದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ ಹಿಂದಿನ ಏರಿನಲ್ಲಿ 28 ಪೌಂಡ್ ಗಾಳಿಗೆ ಫೋರ್ ಹೈನಲ್ಲಿ ಅರ್ಧಕ್ಕೇ ಜಾರಿತು. 18ಕ್ಕೆ ಇಳಿಸಿದೆ, ಆರು ಮೂಟೆ ಗೊಬ್ಬರ ಹೊತ್ತುಕೊಂಡು ಹತ್ತಿತು, ಲೋ ಗೇರ್ ಬೇಕಾಗಲಿಲ್ಲ. ಆಸೆಗೆ 15ಕ್ಕೆ ಇಳಿಸಿದ್ದು ತಪ್ಪಾಯಿತು. ಕಾಫಿ ಗಿಡದ ಬೊಡ್ಡೆ ತಾಗಿ ಟೈರಿನ ಪಕ್ಕ ಸೀಳಿತು, ಆರೂವರೆ ಸಾವಿರ ಹೋಯಿತು. ಈಗ 18ಕ್ಕಿಂತ ಕೆಳಗೆ ಇಳಿಸುವುದಿಲ್ಲ.

ಅದಾದ ಮೇಲೆ ಇನ್ನೊಂದು ಮಳೆಗಾಲವೂ ಕಳೆಯಿತು. ಒಂದು ದಿನವೂ ಟ್ರ್ಯಾಕ್ಟರ್ ಕರೆಸಿಲ್ಲ, ಪಕ್ಕದ ತೋಟದವರ ಪಿಕಪ್ ಎರಡು ಸಲ ಎಳೆದು ಕೊಟ್ಟಿದ್ದೇನೆ. ಲೀಟರಿಗೆ ಹತ್ತು ಹನ್ನೊಂದು ಕೊಡುತ್ತದೆ. ಈಗ ಉಳಿದಿರುವುದು ಹಿಂದಿನ ಬಾಗಿಲ ಮೇಲಿಂದ ನೀರು ಸೋರುವುದೊಂದೇ. ಸಿಲಿಕಾನ್ ಎರಡು ಸಲ ಹಾಕಿದೆ, ನಿಲ್ಲಲಿಲ್ಲ. ಬೀಡಿಂಗ್ ಪೂರ್ತಿ ಬದಲಾಯಿಸಬೇಕು ಅಂತ ಮೆಕ್ಯಾನಿಕ್ ಹೇಳುತ್ತಿದ್ದಾನೆ. ಭಾವ ಜಾಕ್ ವಾಪಸ್ ತಂದ ಮೇಲೆ ಅದಕ್ಕೆ ಕೈ ಹಾಕುತ್ತೇನೆ.