ಮನೆ ಸರ್ವರ್ ಕಟ್ಟುವುದಾದರೆ ರ‍್ಯಾಮ್ ಮೊದಲು, ಪ್ರೊಸೆಸರ್ ಕೊನೆಗೆ

ಮನೆಗೊಂದು ಸರ್ವರ್ ಕಟ್ಟಬೇಕು ಅಂತ ಹೊರಟವರು ನನ್ನನ್ನು ಮೊದಲು ಕೇಳುವುದು ಇದನ್ನೇ: "ಐ5 ತಗೊಳ್ಳಲಾ, ರೈಜನ್ ತಗೊಳ್ಳಲಾ?" ಅಂದರೆ ಪ್ರೊಸೆಸರ್ ಇಂಟೆಲ್‌ನದಾ, ಎಎಂಡಿಯದಾ ಅಂತ. ನನ್ನ ಪ್ರಕಾರ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಮೊದಲು ಯಾವ ರ‍್ಯಾಮ್ ಅಂತ ತೀರ್ಮಾನಿಸಿ. ಆ ರ‍್ಯಾಮ್ ಕೂರುವ ಮದರ್‌ಬೋರ್ಡ್ ಹುಡುಕಿ. ಆ ಬೋರ್ಡ್ ಒಪ್ಪುವ ಪ್ರೊಸೆಸರ್‌ಗಳಲ್ಲಿ ಅಗ್ಗದ್ದು ಒಂದನ್ನು ಆರಿಸಿದರೆ ಸಾಕು.

ಯಾಕೆ ಹೀಗೆ ತಿರುಗುಮುರುಗು? ಫೈಲ್ ಇಡುವುದು, ಫೋಟೋ ಬ್ಯಾಕಪ್, ಟಿವಿಗೆ ವಿಡಿಯೊ ಕಳಿಸುವುದು, ಇಷ್ಟಕ್ಕೆ ಏಳೆಂಟು ವರ್ಷದ ಹಿಂದಿನ ಪ್ರೊಸೆಸರ್ ಕೂಡ ಧಾರಾಳವಾಯಿತು. ಹೊಂದಿಕೊಳ್ಳದೆ ಕಾಟ ಕೊಡುವುದು ರ‍್ಯಾಮ್. ಅದರ ಮೇಲೆ 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಖರೀದಿಯಿಂದಾಗಿ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ. ಮನೆಯ ಡ್ರಾಯರ್‌ನಲ್ಲಿ ಹಳೆಯ ಡಿಡಿಆರ್4 ಬಗೆಯ ರ‍್ಯಾಮ್ ಕಡ್ಡಿ ಬಿದ್ದಿದ್ದರೆ ಇಡೀ ಯೋಜನೆ ಅಲ್ಲಿಂದಲೇ ಶುರುವಾಗಬೇಕು.

ನನ್ನ ಬಗ್ಗೆ ಎರಡು ಮಾತು. ಮುಂಬೈನ ಫೋರ್ಟ್‌ನ ಒಂದು ಸಿಎ ಆಫೀಸಿನಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಮನೆ ಡೊಂಬಿವಲಿ, ಊರು ಕುಂದಾಪುರದ ಕಡೆ. ನಮ್ಮ ಮಾವನವರ ಹತ್ತಿರ ಯಕ್ಷಗಾನದ ರೆಕಾರ್ಡಿಂಗ್ ರಾಶಿ ಇದೆ. ಕ್ಯಾಸೆಟ್‌ನಿಂದ ಇಳಿಸಿದ್ದು, ಬಯಲಾಟದ ಮುಂದೆ ಕೂತು ಮೊಬೈಲಲ್ಲಿ ಹಿಡಿದದ್ದು, ಎಲ್ಲ ಸೇರಿ ಹಾರ್ಡ್ ಡಿಸ್ಕ್‌ಗಳು ತುಂಬಿ ಹೋಗಿದ್ದವು. ಅವರಿಗೆ ಒಂದು ಸರ್ವರ್ ಕಟ್ಟಿಕೊಟ್ಟೆ. ಅದನ್ನು ನೋಡಿ ಮಾಟುಂಗಾದ ಭಾವನಿಗೂ ಒಂದು ಬೇಕಾಯಿತು. ಅಲ್ಲಿಂದ ಮುಂದೆ ನೆಂಟರ ಫೋನ್ ನಿಂತಿಲ್ಲ.

ಎಷ್ಟು ಜಿಬಿ ಬೇಕು

ಇದು ಸುಲಭ. ಫೈಲ್, ಜೆಲ್ಲಿಫಿನ್ (ಟಿವಿಗೆ ವಿಡಿಯೊ ಕಳಿಸುವ ಸಾಫ್ಟ್‌ವೇರ್), ಇಮ್ಮಿಚ್ (ಫೋಟೋ ಬ್ಯಾಕಪ್‌ನದು) ಇಷ್ಟೇ ಆದರೆ 16 ಜಿಬಿ ಸಾಕು. ಒಂದೇ ಕಂಪ್ಯೂಟರ್‌ನಲ್ಲಿ ಹಲವು ವರ್ಚುವಲ್ ಕಂಪ್ಯೂಟರ್ ಓಡಿಸುವ ಪ್ರಾಕ್ಸ್‌ಮಾಕ್ಸ್ ಹಾಕಿ ಅದರೊಳಗೆ ಮೂರ್ನಾಲ್ಕು ಮೆಷಿನ್ ಓಡಿಸುವ ಆಸೆ ಇದ್ದರೆ 32. "ಝಡ್‌ಎಫ್‌ಎಸ್ ಹಾಕಿದರೆ ಒಂದು ಟಿಬಿಗೆ ಒಂದು ಜಿಬಿ ರ‍್ಯಾಮ್ ಬೇಕೇ ಬೇಕು" ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ (ಝಡ್‌ಎಫ್‌ಎಸ್ ಅಂದರೆ ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ಒಂದು ವ್ಯವಸ್ಥೆ). ಮನೆಯ ಮಟ್ಟಿಗೆ ಅದಕ್ಕೆ ಹೆದರಬೇಕಿಲ್ಲ. ಝಡ್‌ಎಫ್‌ಎಸ್ ಬಳಸುವ ಟ್ರೂನ್ಯಾಸ್ ಅನ್ನುವ ಸರ್ವರ್ ಸಾಫ್ಟ್‌ವೇರ್ ಕನಿಷ್ಠ 8 ಜಿಬಿ ಕೇಳುತ್ತದೆ. ಅದರ ಮೇಲೆ ಉಳಿದದ್ದನ್ನು ಝಡ್‌ಎಫ್‌ಎಸ್ ಕ್ಯಾಶ್ (ಮತ್ತೆ ಮತ್ತೆ ಬೇಕಾಗುವ ಡೇಟಾ ಕೈಗೆಟುಕುವಂತೆ ಇಡುವ ಜಾಗ) ಆಗಿ ಬಳಸಿಕೊಳ್ಳುತ್ತದೆ. ಜಾಸ್ತಿ ಇದ್ದರೆ ಒಳ್ಳೆಯದು, ಕಡಿಮೆ ಇದ್ದರೆ ಸ್ವಲ್ಪ ನಿಧಾನ, ಅಷ್ಟೇ.

ಯಾವ ರ‍್ಯಾಮ್: ಇಲ್ಲಿ ಸ್ವಲ್ಪ ನಿಲ್ಲಿ

ರ‍್ಯಾಮ್‌ನ ಹಳೆಯ ತಲೆಮಾರು ಡಿಡಿಆರ್4, ಹೊಸದು ಡಿಡಿಆರ್5. ಎರಡರಲ್ಲೂ 288 ಪಿನ್. ಉದ್ದವೂ ಒಂದೇ. ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ವೋಲ್ಟೇಜ್ ಬೇರೆ (1.2 ಮತ್ತು 1.1). ಒಂದರ ಸ್ಲಾಟ್‌ಗೆ ಇನ್ನೊಂದು ಹೋಗದು, ಒತ್ತಿ ಕೂರಿಸಲು ಹೋಗಬೇಡಿ. ಎಎಂ4, ಎಎಂ5, ಎಲ್‌ಜಿಎ1700 ಇವೆಲ್ಲ ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್‌ನ ಹೆಸರುಗಳು. ಎಎಂಡಿಯ ಎಎಂ4 ಬೋರ್ಡ್ ಅಂದರೆ ಡಿಡಿಆರ್4 ಮಾತ್ರ, ಎಎಂ5 ಅಂದರೆ ಡಿಡಿಆರ್5 ಮಾತ್ರ. ಗೊಂದಲ ಇರುವುದು ಇಂಟೆಲ್‌ನ ಎಲ್‌ಜಿಎ1700ರಲ್ಲಿ. 12, 13, 14ನೇ ತಲೆಮಾರಿನ ಪ್ರೊಸೆಸರ್‌ಗಳು ಎರಡನ್ನೂ ಒಪ್ಪುತ್ತವೆ, ಆದರೆ ಬೋರ್ಡ್‌ನಲ್ಲಿ ಇರುವುದು ಸಾಮಾನ್ಯವಾಗಿ ಒಂದೇ ಬಗೆಯ ಸ್ಲಾಟ್. ಒಂದೇ ಹೆಸರಿನ ಬೋರ್ಡ್ ಎರಡು ರೂಪದಲ್ಲಿ ಬರುತ್ತದೆ, ಡಿಡಿಆರ್4ರ ಹೆಸರಿನ ಬಾಲದಲ್ಲಿ ಹಲವು ಸಲ "ಡಿ4" ಅಥವಾ "ಡಿಡಿಆರ್4" ಅಂತ ಇರುತ್ತದೆ. ಬಿಲ್ ಮಾಡಿಸುವ ಮುಂಚೆ ಡಬ್ಬದ ಮೇಲಿನ ಪೂರ್ತಿ ಹೆಸರು ಓದಿ.

ಈಗ ದೊಡ್ಡ ಬಲೆ. ಸರ್ವರ್ ಅಂದ ಕೂಡಲೇ ಅಂಗಡಿಯವರು "ಸರ್ವರ್ ರ‍್ಯಾಮ್" ಕೊಡಲು ನೋಡುತ್ತಾರೆ. ಕಂಪನಿಗಳಿಂದ ಕಳಚಿ ಬಂದ ಹಳೆಯ ಮಾಲು, ಮಾಮೂಲಿ ರ‍್ಯಾಮ್‌ಗಿಂತ ಅಗ್ಗ. ಅದರಲ್ಲಿ ಬಹುಪಾಲು, ಕಡ್ಡಿಯ ಮೇಲೆ ರಿಜಿಸ್ಟರ್ ಅನ್ನುವ ಹೆಚ್ಚುವರಿ ಚಿಪ್ ಇರುವ ರಿಜಿಸ್ಟರ್ಡ್ ರ‍್ಯಾಮ್. ಡಿಡಿಆರ್4 ಆದರೆ ಅದು ನಿಮ್ಮ ಮನೆ ಬೋರ್ಡ್‌ನ ಸ್ಲಾಟ್‌ನಲ್ಲಿ ಚೆನ್ನಾಗಿಯೇ ಕೂರುತ್ತದೆ. ಆದರೆ ಮೆಷಿನ್ ಏಳುವುದಿಲ್ಲ. ಮಾಮೂಲಿ ಡೆಸ್ಕ್‌ಟಾಪ್ ಬೋರ್ಡ್‌ಗೆ ಬೇಕಾದದ್ದು ಆ ಚಿಪ್ ಇಲ್ಲದ ಅನ್‌ಬಫರ್ಡ್. ಡಿಡಿಆರ್5ನಲ್ಲಿ ಎರಡರ ಕಚ್ಚನ್ನೇ ಬೇರೆ ಮಾಡಿದ್ದಾರೆ, ಹಾಗಾಗಿ ಕೂರುವುದೇ ಇಲ್ಲ. ಆ ಮಟ್ಟಿಗೆ ಪುಣ್ಯ.

ಲೇಬಲ್ ಓದಲು ಕಲಿತರೆ ಯಾರನ್ನೂ ಕೇಳಬೇಕಿಲ್ಲ. ಡಿಡಿಆರ್4 ಕಡ್ಡಿಯ ಮೇಲೆ "ಪಿಸಿ4-2400ಟಿ-" ಹೀಗೆ ಏನೋ ಬರೆದಿರುತ್ತದೆ. ಆ ಎರಡನೇ ಅಡ್ಡಗೆರೆಯ ನಂತರದ ಮೊದಲ ಅಕ್ಷರ ನೋಡಿ. ಯು ಇದ್ದರೆ ಮಾಮೂಲಿ ಅನ್‌ಬಫರ್ಡ್. ಇ ಇದ್ದರೆ ಅನ್‌ಬಫರ್ಡ್ ಇಸಿಸಿ (ಇಸಿಸಿ ಏನು ಅಂತ ಮುಂದೆ ಹೇಳುತ್ತೇನೆ). ಆರ್ ಇದ್ದರೆ ರಿಜಿಸ್ಟರ್ಡ್. ಎಸ್ ಇದ್ದರೆ ಲ್ಯಾಪ್‌ಟಾಪ್‌ನ ಗಿಡ್ಡ ಕಡ್ಡಿ. ಅದಕ್ಕೂ ಮುಂಚೆ "2ಆರ್‌ಎಕ್ಸ್8" ಅಂತ ಬರುವ ಆರ್ ಬೇರೆ, ಅದು ಕಡ್ಡಿಯಲ್ಲಿ ಚಿಪ್‌ಗಳ ಗುಂಪು ಎಷ್ಟು ಅನ್ನುವ ರ‍್ಯಾಂಕ್ ಲೆಕ್ಕ. ಅದನ್ನು ನೋಡಿ ಗಾಬರಿಯಾಗಬೇಡಿ.

ಇಸಿಸಿ ಬೇಕಾ? ಮೆಮೊರಿಯಲ್ಲಿ ಒಂದು ಬಿಟ್ ತಾನಾಗೇ ತಿರುಗಿ ಬಿದ್ದರೆ ಇಸಿಸಿ ಅದನ್ನು ಹಿಡಿದು ಸರಿಮಾಡುತ್ತದೆ. ಒಳ್ಳೆಯದೇ. ಆದರೆ ನಿಮ್ಮ ಹತ್ತಿರ ಇರುವುದು ಒಂದೇ ಪ್ರತಿ ಆಗಿದ್ದರೆ, ಇಸಿಸಿಗೆ ಕೊಡುವ ಹೆಚ್ಚುವರಿ ದುಡ್ಡಿನಲ್ಲಿ ಮೊದಲು ಬ್ಯಾಕಪ್‌ಗೆ ಇನ್ನೊಂದು ಡಿಸ್ಕ್ ತೆಗೆದುಕೊಳ್ಳಿ. ಅದಾದ ಮೇಲೂ ದುಡ್ಡು ಉಳಿದರೆ ಇಸಿಸಿ. ಮಾವನವರ ಮೆಷಿನ್‌ಗೆ ನಾನು ಇಸಿಸಿ ಹಾಕಿಲ್ಲ, ಎರಡನೇ ಡಿಸ್ಕ್ ಊರಿನ ಮನೆಯಲ್ಲಿದೆ.

ಹಾಕುವುದೇ ಆದರೆ ರ‍್ಯಾಮ್, ಬೋರ್ಡ್, ಪ್ರೊಸೆಸರ್ ಮೂರೂ ಒಪ್ಪಬೇಕು. ಎಎಂ4ನಲ್ಲಿ ಇದು ಅಗ್ಗ. ರೈಜನ್ 5600ರಂಥ "ಜಿ" ಇಲ್ಲದ ಹೆಚ್ಚಿನ ಪ್ರೊಸೆಸರ್‌ಗಳು ಇಸಿಸಿ ನಡೆಸುತ್ತವೆ. "ಜಿ" ಇರುವ ಮಾದರಿಗಳಲ್ಲಿ ಪ್ರೊ ಮಾತ್ರ: 5600ಜಿ ಆಗುವುದಿಲ್ಲ, ಪ್ರೊ 5650ಜಿ ಆಗುತ್ತದೆ. ಬೋರ್ಡ್ ಕಂಪನಿಯೂ ತನ್ನ ಪುಟದಲ್ಲಿ ಇಸಿಸಿ ಒಪ್ಪುತ್ತೇನೆ ಅಂತ ಬರೆದಿರಬೇಕು. ಆಸ್‌ರಾಕ್, ಆಸುಸ್ ಹಲವು ಬೋರ್ಡ್‌ಗಳಿಗೆ ಬರೆದಿರುತ್ತವೆ. ಇಂಟೆಲ್ 12, 13, 14ನೇ ತಲೆಮಾರಿಗೆ ಡಬ್ಲ್ಯು680 ಚಿಪ್‌ಸೆಟ್‌ನ (ಬೋರ್ಡ್‌ನ ನಿಯಂತ್ರಣ ಚಿಪ್) ಬೋರ್ಡ್ ಬೇಕು, ಅದರ ಬೆಲೆ ಕೇಳಿದರೆ ಆಸೆ ತಾನಾಗೇ ಇಳಿಯುತ್ತದೆ. ಹಳೆಯ ಐ3-8100, ಐ3-9100 ಸಿ246 ಬೋರ್ಡ್ ಜೊತೆ ಇಸಿಸಿ ಒಪ್ಪುತ್ತವೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಬಿಡಬೇಡಿ.

ಅಂಗಡಿಯಲ್ಲಿ ಇನ್ನೊಂದು ಮಾತು ಕೇಳಿಸುತ್ತದೆ: "ಮೇಡಂ, ಡಿಡಿಆರ್5 ಮೇ ಇಸಿಸಿ ಆತಾ ಹೀ ಹೈ" (ಡಿಡಿಆರ್5ನಲ್ಲಿ ಇಸಿಸಿ ಇದ್ದೇ ಇರುತ್ತದೆ). ಅದು ಚಿಪ್‌ನ ಒಳಗೆ ಮಾತ್ರ ನಡೆಯುವ ತಿದ್ದುಪಡಿ. ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯನ್ನು ಅದು ಕಾಯುವುದಿಲ್ಲ. ನಿಜವಾದ ಇಸಿಸಿ ಕಡ್ಡಿ ಬೇರೆಯೇ.

ಎಷ್ಟು ಕಡ್ಡಿ? ಒಂದೇ ತರಹದ ಎರಡು ಹಾಕಿದರೆ ಡ್ಯುಯಲ್ ಚಾನೆಲ್, ವೇಗ ಜಾಸ್ತಿ. ಆದರೆ ಅಗ್ಗದ ಬೋರ್ಡ್‌ಗಳಲ್ಲಿ ಸ್ಲಾಟ್ ಎರಡೇ. ಇವತ್ತು 8+8 ಹಾಕಿದರೆ ನಾಳೆ ಹೆಚ್ಚಿಸಲು ಎರಡನ್ನೂ ಕಿತ್ತು ಮಾರಬೇಕು. ಫೈಲ್ ಸರ್ವರ್‌ಗೆ ಒಂದೇ 16ರ ಕಡ್ಡಿ ಹಾಕಿ ಒಂದು ಸ್ಲಾಟ್ ಖಾಲಿ ಬಿಡುವುದು ನನ್ನ ರೂಢಿ. ನಾಲ್ಕು ಸ್ಲಾಟ್ ಇದ್ದು ಎರಡು ಕಡ್ಡಿ ಇದ್ದರೆ ಪ್ರೊಸೆಸರ್‌ನಿಂದ ಲೆಕ್ಕ ಹಾಕಿ ಎರಡನೆಯದು, ನಾಲ್ಕನೆಯದು. ಡಿಡಿಆರ್5ನಲ್ಲಿ ನಾಲ್ಕೂ ತುಂಬಿದರೆ ವೇಗ ಎದ್ದು ಕಾಣುವಷ್ಟು ಇಳಿಯುತ್ತದೆ, ಎರಡು ದೊಡ್ಡವೇ ವಾಸಿ. ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆನ್ ಮಾಡಬೇಡಿ. ಅದು ಓವರ್‌ಕ್ಲಾಕ್, ಅಂದರೆ ನಿಗದಿಗಿಂತ ಜೋರಾಗಿ ಓಡಿಸುವುದು. ಹಗಲು ರಾತ್ರಿ ಓಡುವ ಮೆಷಿನ್‌ಗೆ ಆ ಚಟ ಯಾಕೆ?

ಬೋರ್ಡ್

ಮೊದಲು ಸಾಟಾ ಪೋರ್ಟ್ (ಡಿಸ್ಕ್‌ನ ಕೇಬಲ್ ಸಿಕ್ಕಿಸುವ ಜಾಗ) ಎಣಿಸಿ. ಎಲ್‌ಜಿಎ1700ರ ಎಚ್610, ಬಿ660 ಬೋರ್ಡ್‌ಗಳಲ್ಲಿ ಹೆಚ್ಚೆಂದರೆ ಸಾಮಾನ್ಯವಾಗಿ ನಾಲ್ಕು. ಕೆಲವು ಬೋರ್ಡ್‌ಗಳಲ್ಲಿ ಕಡ್ಡಿಯಂಥ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್‌ಗೆ ಸಾಟಾ ಬಗೆಯ ಎಸ್‌ಎಸ್‌ಡಿ ಹಾಕಿದರೆ ಒಂದು ಸಾಟಾ ಪೋರ್ಟ್ ಸುಮ್ನೆ ಸತ್ತುಹೋಗುತ್ತದೆ. ಮ್ಯಾನುವಲ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಪಿಡಿಎಫ್ ಇಳಿಸಿಕೊಂಡು ಆ ಪುಟ ಒಂದನ್ನಾದರೂ ಓದಿ. ಡಿಸ್ಕ್ ಜಾಸ್ತಿ ಆಗುತ್ತದೆ ಅನ್ನಿಸಿದರೆ ಎಲ್‌ಎಸ್‌ಐ 9211-8ಐ ತರಹದ ಕಾರ್ಡ್ ಹಾಕಬಹುದು, ಐಟಿ ಮೋಡ್‌ನಲ್ಲಿ (ಡಿಸ್ಕ್‌ಗಳನ್ನು ನೇರವಾಗಿ ತೋರಿಸುವ ಬಗೆ) ಇರುವುದನ್ನೇ ಕೇಳಿ. ಗ್ರಾಫಿಕ್ಸ್ ಪ್ರೊಸೆಸರ್‌ನಲ್ಲೇ ಇದ್ದರೆ ಉದ್ದದ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಈ ಕಾರ್ಡ್‌ಗೆ ಖಾಲಿ ಉಳಿಯುತ್ತದೆ.

ಆಫೀಸುಗಳಿಂದ ಬಂದ ಡೆಲ್, ಎಚ್‌ಪಿ, ಲೆನೊವೊ ಡೆಸ್ಕ್‌ಟಾಪ್ ಇಡಿಯಾಗಿ ಕೊಂಡರೆ ಚೆನ್ನ. ಅದರ ಬೋರ್ಡ್ ಮಾತ್ರ ಕಿತ್ತು ತರಬೇಡಿ. ಪವರ್ ಕನೆಕ್ಟರ್ ಹಲವು ಸಲ ಅವರದೇ ಆಕಾರದ್ದು, ನಿಮ್ಮ ಎಸ್‌ಎಂಪಿಎಸ್‌ನ 24 ಪಿನ್ ಅದಕ್ಕೆ ಹೋಗುವುದಿಲ್ಲ.

ಇನ್ನು ಸಾಕೆಟ್. ಹೆಸರು ಒಂದೇ ಇದ್ದರೆ ಹೊಂದುತ್ತದೆ ಅಂದುಕೊಳ್ಳಬೇಡಿ. ಎಲ್‌ಜಿಎ1151 ಇದಕ್ಕೆ ಸಾಕ್ಷಿ. 6, 7ನೇ ತಲೆಮಾರಿಗೆ 100, 200 ಸರಣಿಯ ಬೋರ್ಡ್. 8, 9ಕ್ಕೆ 300 ಸರಣಿ. ಸಾಕೆಟ್ ಅದೇ, ಅದಲುಬದಲು ಮಾಡಿದರೆ ಓಡದು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ತುಂಬ ಈ ಮಾಲೇ ಇದೆ.

ಬಯಾಸ್ (ಮೆಷಿನ್ ಆನ್ ಆದ ಕೂಡಲೇ ಓಡುವ ಬೋರ್ಡ್‌ನ ಸಾಫ್ಟ್‌ವೇರ್) ಇನ್ನೊಂದು. ಹಳೆಯ ಬಿ450 ಬೋರ್ಡ್‌ಗೆ ರೈಜನ್ 5000 ಹಾಕಬೇಕಾದರೆ ಬಯಾಸ್ ಹೊಸದಾಗಿರಬೇಕು. ಮೊದಲು ಬಂದ ಎಚ್610 ಬೋರ್ಡ್‌ಗೆ 14ನೇ ತಲೆಮಾರು ಹಾಕಿದರೂ ಅದೇ ಕತೆ. ಬೋರ್ಡ್ ಕಂಪನಿಯ ಪುಟದಲ್ಲಿ ಸಿಪಿಯು ಪಟ್ಟಿ ಇರುತ್ತದೆ, ಪ್ರತಿ ಪ್ರೊಸೆಸರ್ ಎದುರಿಗೆ ಯಾವ ಬಯಾಸ್ ಆವೃತ್ತಿಯಿಂದ ಅಂತ ಬರೆದಿರುತ್ತದೆ. ಆ ಪಟ್ಟಿಯಲ್ಲಿ ಇಲ್ಲದ ಪ್ರೊಸೆಸರ್ ಕೊಳ್ಳಲೇಬೇಡಿ. ರ‍್ಯಾಮ್ ಪಟ್ಟಿ ಹಾಗಲ್ಲ, ಅವರು ಪರೀಕ್ಷೆ ಮಾಡಿದ್ದು ಮಾತ್ರ ಅದರಲ್ಲಿರುತ್ತದೆ. ಅದರಲ್ಲಿ ಇಲ್ಲದ್ದೂ ಹೆಚ್ಚಾಗಿ ಓಡುತ್ತದೆ. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ಬದಲಿಸುವ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ಸಿಕ್ಕರೆ ತಲೆನೋವೇ ಇಲ್ಲ.

ಪ್ರೊಸೆಸರ್

ಐ3-12100 ನನ್ನ ಮೊದಲ ಆಯ್ಕೆ. ನಾಲ್ಕು ಕೋರ್, ಎಂಟು ಥ್ರೆಡ್, ಒಳಗೇ ಯುಎಚ್‌ಡಿ 730 ಗ್ರಾಫಿಕ್ಸ್. ಜೆಲ್ಲಿಫಿನ್‌ನಲ್ಲಿ ವಿಡಿಯೊದ ಫಾರ್ಮ್ಯಾಟ್ ಬದಲಿಸಿ ಕಳಿಸುವಾಗ, ಆ ಕೆಲಸಕ್ಕೆಂದೇ ಅದರಲ್ಲಿರುವ ಕ್ವಿಕ್‌ಸಿಂಕ್ ಬಹಳ ಉಪಯೋಗ. ಹೆಸರಿನ ಕೊನೆಗೆ "ಎಫ್" ಇದ್ದರೆ ಗ್ರಾಫಿಕ್ಸ್ ಇಲ್ಲ, ಅಗ್ಗ ಅಂತ ತರಬೇಡಿ. ಎಎಂ4 ಆದರೆ 5600ಜಿ. "ಜಿ" ಇಲ್ಲದ ಎಎಂ4 ಪ್ರೊಸೆಸರ್‌ಗೆ ಬಯಾಸ್ ನೋಡಲು ಕೂಡ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕು. ಡಿಸ್ಕ್ ಒಂದೆರಡೇ ಆದರೆ ಇಂಟೆಲ್ ಎನ್100 ಬೋರ್ಡ್ ಸಾಕು, ಪ್ರೊಸೆಸರ್ ಅದರಲ್ಲೇ ಬೆಸೆದು ಬರುತ್ತದೆ. ರ‍್ಯಾಮ್ ಒಂದೇ ಚಾನೆಲ್, ಹೆಚ್ಚಿನ ಬೋರ್ಡ್‌ಗಳಲ್ಲಿ ಲ್ಯಾಪ್‌ಟಾಪ್ ಕಡ್ಡಿ. ಸೆಕೆಂಡ್ ಹ್ಯಾಂಡ್‌ನಲ್ಲಿ 13, 14ನೇ ತಲೆಮಾರಿನ ಐ7, ಐ9 ಬೇಡ. ಜಾಸ್ತಿ ವೋಲ್ಟೇಜ್‌ನಿಂದ ಹಾಳಾಗುವ ತೊಂದರೆಗೆ ಇಂಟೆಲ್ 2024ರಲ್ಲಿ ಮೈಕ್ರೋಕೋಡ್ (ಬಯಾಸ್ ಮೂಲಕ ಹಾಕುವ ತಿದ್ದುಪಡಿ) ಕೊಟ್ಟಿತು. ಅಷ್ಟರೊಳಗೆ ಹಾಳಾದದ್ದನ್ನು ಅದು ರಿಪೇರಿ ಮಾಡದು.

ಇಂಟೆಲ್‌ನ ಹಳೆಯ ಸರ್ವರ್ ಪ್ರೊಸೆಸರ್ ಝಿಯಾನ್ ಇ5, ಅದು ಕೂರುವ ಎಕ್ಸ್99 ಬೋರ್ಡ್, ರಿಜಿಸ್ಟರ್ಡ್ ರ‍್ಯಾಮ್ ಸೇರಿಸಿ ಸೆಟ್ ಮಾರುತ್ತಾರೆ. ಅವು ಒಂದಕ್ಕೊಂದು ಹೊಂದುತ್ತವೆ, ನಿಜ. ಆದರೆ ಕರೆಂಟ್ ಲೆಕ್ಕ ನೋಡಿ. ಸರಾಸರಿ 100 ವ್ಯಾಟ್ ಎಳೆಯುವ ಮೆಷಿನ್ ವರ್ಷಕ್ಕೆ 876 ಯೂನಿಟ್ ತಿನ್ನುತ್ತದೆ. 25 ವ್ಯಾಟ್‌ನದು 219. ಯೂನಿಟ್‌ಗೆ 10 ರೂಪಾಯಿ ಅಂತ ಇಟ್ಟುಕೊಂಡರೂ ವರ್ಷಕ್ಕೆ 6,500 ರೂಪಾಯಿಗಿಂತ ಜಾಸ್ತಿ ವ್ಯತ್ಯಾಸ. ತಿಂಗಳಿಗೆ 72 ಯೂನಿಟ್ ಸೇರಿದರೆ ಮನೆಯ ಬಿಲ್ ಮೇಲಿನ ಸ್ಲ್ಯಾಬ್‌ಗೆ ಹಾರಿದರೂ ಹಾರಿತು.

ಲ್ಯಾಮಿಂಗ್ಟನ್ ರೋಡ್‌ನಲ್ಲಿ

ಇದು ಮುಂಬೈನ ಕಂಪ್ಯೂಟರ್ ಅಂಗಡಿಗಳ ಬೀದಿ. ದಾದರ್‌ನಲ್ಲಿ ಇಳಿದು ವೆಸ್ಟರ್ನ್ ಲೈನಿನ ಸ್ಲೋ ಗಾಡಿ ಹಿಡಿದು ಗ್ರಾಂಟ್ ರೋಡ್. ಭಾನುವಾರ ಹೋಗಬೇಡಿ. ರ‍್ಯಾಮ್, ಬೋರ್ಡ್, ಪ್ರೊಸೆಸರ್ ಮೂರೂ ಒಂದೇ ಅಂಗಡಿಯಲ್ಲಿ ತೆಗೆದುಕೊಳ್ಳಿ, ನೂರಿನ್ನೂರು ಜಾಸ್ತಿ ಆದರೂ ಚಿಂತೆಯಿಲ್ಲ. ಹೊಂದದಿದ್ದರೆ "ತಪ್ಪು ಅವನ ಬೋರ್ಡ್‌ದು, ಇವನ ರ‍್ಯಾಮ್‌ದು" ಅನ್ನುವ ಜಗಳ ಇರುವುದಿಲ್ಲ. ಕೌಂಟರ್ ಮೇಲೆಯೇ ಜೋಡಿಸಿ ಬಯಾಸ್ ತೋರಿಸಿ ಅನ್ನಿ, ಬಹಳ ಅಂಗಡಿಗಳಲ್ಲಿ ಮಾಡಿ ತೋರಿಸುತ್ತಾರೆ. ಇಂಟೆಲ್ ಬೋರ್ಡ್ ಆದರೆ ಸಾಕೆಟ್‌ನ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಪಿನ್‌ಗಳ ಫೋಟೋ ತೆಗೆಯಿರಿ. ಒಂದು ಪಿನ್ ಬಾಗಿದ್ದರೂ ಬೆಳಕು ಅಲ್ಲಿ ಬೇರೆ ಥರ ಹೊಳೆಯುತ್ತದೆ. ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ. ಮಳೆಗಾಲವಾದರೆ ದೊಡ್ಡ ಪ್ಲಾಸ್ಟಿಕ್ ಚೀಲ ಜೊತೆಗಿರಲಿ.

ಮನೆಗೆ ಬಂದ ಮೇಲೆ ಡಿಸ್ಕ್ ಜೋಡಿಸುವ ಮುಂಚೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿ. ಬೆಳಿಗ್ಗೆ ಒಂದೇ ಒಂದು ಎರರ್ ಕಂಡರೂ ಆ ಕಡ್ಡಿ ವಾಪಸ್, ಚರ್ಚೆಯಿಲ್ಲ. ಇಸಿಸಿ ಹಾಕಿದವರು ಲಿನಕ್ಸ್‌ನಲ್ಲಿ ಡಿಎಂಐಡಿಕೋಡ್ ಆಜ್ಞೆ ಕೊಟ್ಟು ಮೆಮೊರಿ ವಿವರ ನೋಡಿ. ಡಿಡಿಆರ್4ನಲ್ಲಿ ಒಟ್ಟು ಅಗಲ 72 ಬಿಟ್, ಡೇಟಾ ಅಗಲ 64 ಬಿಟ್ ಅಂತ ತೋರಿಸಬೇಕು. ಲಿನಕ್ಸ್‌ನ ಕರ್ನೆಲ್ ಲಾಗ್‌ನಲ್ಲಿ ಇಡಿಎಸಿ (ಇಸಿಸಿ ಮೇಲೆ ಕಣ್ಣಿಡುವ ಭಾಗ) ಶುರುವಾದ ಸಾಲೂ ಇರಬೇಕು. ಅಗಲ ಎರಡೂ 64 ಅಂತಿದ್ದರೆ ಇಸಿಸಿ ನಡೆಯುತ್ತಿಲ್ಲ.

ಸಾಕೆಟ್ ಮೇಲಿನ ಆ ಪ್ಲಾಸ್ಟಿಕ್ ಮುಚ್ಚಳವನ್ನು ಕಸಕ್ಕೆ ಹಾಕಬೇಡಿ, ಬಿಲ್ ಜೊತೆ ಬೋರ್ಡ್‌ನ ಡಬ್ಬದಲ್ಲೇ ಇಡಿ. ಅದಿಲ್ಲದೆ ಬೋರ್ಡ್ ಕಳಿಸಿದರೆ ವಾರಂಟಿಯಲ್ಲಿ ತೆಗೆದುಕೊಳ್ಳದಿರಬಹುದು.