ಹಿಮದ ರಸ್ತೆಗೆ ಟು ವೀಲ್ ಡ್ರೈವೋ, ಫೋರ್ ವೀಲ್ ಡ್ರೈವೋ?

ಡಿಸೆಂಬರ್ ಬಂತೆಂದರೆ ಮನಾಲಿಗೆ ಹೊರಟ ಗೆಳೆಯರ ಫೋನ್ ಶುರುವಾಗುತ್ತದೆ. ‘ಚಂಡೀಗಢದಲ್ಲಿ ಬಾಡಿಗೆ ಗಾಡಿ ತಗೊಳ್ತೀವಿ. ಫೋರ್ ಬೈ ಫೋರ್ ಇದ್ರೆ ಸಾಕಲ್ವಾ?’ ಅಂತ ಕೇಳುತ್ತಾರೆ. ಫೋರ್ ಬೈ ಫೋರ್ ಅಂದರೆ ಫೋರ್ ವೀಲ್ ಡ್ರೈವ್, ಎಂಜಿನ್ ನಾಲ್ಕೂ ಚಕ್ರ ತಿರುಗಿಸುವ ಗಾಡಿ. ಅದೊಂದೇ ಸಾಕಾಗುವುದಿಲ್ಲ. ಸೋಲಂಗ್‌ನಿಂದ ಅಟಲ್ ಸುರಂಗಕ್ಕೆ ಏರುವ ರಸ್ತೆಯಲ್ಲಿ ದೊಡ್ಡ ದೊಡ್ಡ ಫೋರ್ ಬೈ ಫೋರ್ ಗಾಡಿಗಳೇ ಅಡ್ಡ ತಿರುಗಿ ನಿಂತದ್ದನ್ನು ನೋಡಿದ್ದೇನೆ. ಅದೇ ರಸ್ತೆಯಲ್ಲಿ ಅಲ್ಲಿಯವರೊಬ್ಬರು ಹಳೆಯ ಆಲ್ಟೊದ ಚಕ್ರಕ್ಕೆ ಹಿಮದಲ್ಲಿ ಜಾರದಂತೆ ಚೈನ್ ಕಟ್ಟಿಕೊಂಡು ನಿಧಾನವಾಗಿ ಇಳಿದು ಹೋದರು.

ಮಲೆನಾಡಿನ ಮಳೆಗಾಲದ ಅಂಗಳ ನೆನಪಿಸಿಕೊಳ್ಳಿ. ಪಾಚಿ ಕಟ್ಟಿದ ಮೇಲೆ ನಾವೂ ಜಾರುತ್ತೇವೆ, ನಾಲ್ಕು ಕಾಲಿನ ಹಸುವೂ ಜಾರುತ್ತದೆ. ಅದಕ್ಕೇ ಅಡಿಕೆ ದಬ್ಬೆ ಹಾಸುವುದು. ಹಿಮದ ಮೇಲೂ ಅಷ್ಟೇ. ಎಷ್ಟು ಚಕ್ರ ತಿರುಗುತ್ತವೆ ಅನ್ನುವುದು ಆಮೇಲಿನ ಮಾತು. ಚಕ್ರ ನೆಲವನ್ನು ಹಿಡಿಯುತ್ತದೆಯೇ ಅನ್ನುವುದು ಮೊದಲ ಮಾತು.

1. ದಾರಿ ಯಾವುದು ನೋಡಿ

ಮನಾಲಿ ಪೇಟೆ, ಹಿಮ ತೆಗೆದ ರಸ್ತೆ, ಬಿಸಿಲಿನ ದಿನ, ಸುರಂಗ ದಾಟಿ ಸಿಸ್ಸುವರೆಗೆ ಹೋಗಿ ಮಧ್ಯಾಹ್ನವೇ ವಾಪಸು. ಇಷ್ಟೇ ಆದರೆ ಮಾಮೂಲಿ ಕಾರು, ಡಿಕ್ಕಿಯಲ್ಲಿ ಒಂದು ಜೊತೆ ಚೈನ್ ಸಾಕು. ಜನವರಿಯಲ್ಲಿ ಕಿನ್ನೌರ್ ಮೂಲಕ ಸ್ಪಿತಿಯ ಕಾಜಾಕ್ಕೆ ಹೋಗುವವರಾದರೆ ಲೋ ಗೇರ್ (ಚಕ್ರವನ್ನು ನಿಧಾನವಾಗಿ, ಹೆಚ್ಚು ಬಲದಿಂದ ತಿರುಗಿಸುವ ಗೇರ್) ಇರುವ ಫೋರ್ ಬೈ ಫೋರ್ ತೆಗೆದುಕೊಳ್ಳಿ. ಅದರ ಜೊತೆಗೂ ಚೈನ್ ಬೇಕು. ಇನ್ನೊಂದು ಮಾತು. ಹಿಮ ಬಿದ್ದ ದಿನ ಪೊಲೀಸರು ಸೋಲಂಗ್ ಕಡೆಯ ರಸ್ತೆಯಲ್ಲಿ ತಡೆದು ಫೋರ್ ಬೈ ಫೋರ್ ಗಾಡಿಗಳನ್ನು ಮಾತ್ರ ಬಿಡುವುದುಂಟು. ಅವರ ಜೊತೆ ವಾದಕ್ಕೆ ಇಳಿಯಬೇಡಿ. 2024ರ ಡಿಸೆಂಬರ್‌ನಲ್ಲಿ ಸೋಲಂಗ್ ಮತ್ತು ಅಟಲ್ ಸುರಂಗದ ನಡುವೆ ನೂರಾರು ಗಾಡಿಗಳು ಸಿಕ್ಕಿಬಿದ್ದು, ಜನರನ್ನು ಪೊಲೀಸರೇ ಇಳಿಸಿ ತರಬೇಕಾಯಿತು.

2. ಯಾವ ಚಕ್ರ ತಿರುಗುತ್ತದೆ ಕೇಳಿ

ಟು ವೀಲ್ ಡ್ರೈವ್ ಅಂದರೆ ಒಂದೇ ಜಾತಿ ಅಲ್ಲ. ಸ್ವಿಫ್ಟ್, ಕ್ರೆಟಾದಂಥ ಕಾರುಗಳಲ್ಲಿ ಮುಂದಿನ ಚಕ್ರ ತಿರುಗುತ್ತದೆ. ಎಂಜಿನ್ನಿನ ಭಾರವೂ ಅದರ ಮೇಲೇ ಇರುವುದರಿಂದ ಹಿಡಿತ ಜಾಸ್ತಿ. ಬೊಲೆರೊ, ಇನ್ನೋವಾ ಕ್ರಿಸ್ಟಾ ಗಾಡಿಗಳಲ್ಲಿ ಹಿಂದಿನ ಚಕ್ರ ತಿರುಗುತ್ತದೆ. ಖಾಲಿ ಗಾಡಿಯಾದರೆ ಹಿಮದ ಮೇಲೆ ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ. ನನ್ನ ಮಾತು ಕೇಳುವುದಾದರೆ ಹಿಮಕ್ಕೆ ಹಿಂದಿನ ಚಕ್ರದ ಗಾಡಿ ಬೇಡವೇ ಬೇಡ.

ಇಲ್ಲೊಂದು ಮೋಸವಿದೆ. ಥಾರ್ ಅಂದ ಮಾತ್ರಕ್ಕೆ ಫೋರ್ ಬೈ ಫೋರ್ ಆಗುವುದಿಲ್ಲ. ಹಿಂದಿನ ಚಕ್ರ ಮಾತ್ರ ತಿರುಗುವ ಥಾರ್ ಕೂಡ ಇದೆ. ಒಮ್ಮೆ ನಮಗೆ ‘ಫೋರ್ ಬೈ ಫೋರ್’ ಅಂತ ಹೇಳಿ ಅದನ್ನೇ ಕೊಟ್ಟಿದ್ದರು. ಗೊತ್ತಾಗಿದ್ದು ಮನಾಲಿ ತಲುಪಿದ ಮೇಲೆ. ದುಡ್ಡು ಕೊಡುವ ಮೊದಲೇ ಒಳಗೆ ಕೂತು, ಗೇರ್ ಪಕ್ಕದ ಎರಡನೇ ಲಿವರ್ ಅಥವಾ ಗುಂಡಿ ಇದೆಯೇ ಅಂತ ಕಣ್ಣಾರೆ ನೋಡಿ.

3. ಟೈರ್ ಮುಟ್ಟಿ ನೋಡಿ

ನಮ್ಮ ದೇಶದ ಕಾರುಗಳ ಮಾಮೂಲಿ ಟೈರ್‌ನ ರಬ್ಬರ್ ಚಳಿಗೆ ಗಟ್ಟಿಯಾಗುತ್ತದೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಅದರ ಹಿಡಿತ ಕಡಿಮೆಯಾಗುತ್ತಾ ಹೋಗುತ್ತದೆ. ನಿಜವಾದ ಹಿಮದ ಟೈರ್ ಆದರೆ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇರುತ್ತದೆ. ಅಂಥದ್ದು ನಮ್ಮಲ್ಲಿ ಅಪರೂಪ. ಅದು ಸಿಗದಿದ್ದರೆ ಕನಿಷ್ಠ 4 ಮಿಲಿಮೀಟರ್ ಆಳದ ಗೀರು ಉಳಿದಿರುವ ಟೈರ್ ಇರಲಿ. ದಪ್ಪ ದಪ್ಪ ಕಟ್ಟೆಗಳಿರುವ ಕೆಸರಿನ ಟೈರ್ ನೋಡಿ ಮರುಳಾಗಬೇಡಿ. ಅದು ಕೆಸರಿಗೆ ಚೆನ್ನ, ಮಂಜುಗಡ್ಡೆಗಲ್ಲ.

4. ಚೈನ್ ಕಟ್ಟುವುದು

ಮುಂದಿನ ಚಕ್ರದ ಗಾಡಿಗೆ ಮುಂದೆ, ಹಿಂದಿನ ಚಕ್ರದ ಗಾಡಿಗೆ ಹಿಂದೆ. ಹಿಂದಿನ ಚಕ್ರಕ್ಕೆ ಕಟ್ಟಿಕೊಂಡು ಸ್ವಿಫ್ಟ್ ಹತ್ತುತ್ತಿಲ್ಲ ಅಂತ ಒದ್ದಾಡುವವರನ್ನು ಪ್ರತಿ ವರ್ಷ ನೋಡುತ್ತೇನೆ. ಫೋರ್ ಬೈ ಫೋರ್‌ಗೆ ನಾಲ್ಕಕ್ಕೂ ಕಟ್ಟಿದರೆ ಒಳ್ಳೆಯದು. ಗಾಡಿಯ ಪುಸ್ತಕ ಏನು ಹೇಳುತ್ತದೆ ಓದಿಕೊಳ್ಳಿ.

ಟೈರ್ ಅಳತೆಗೆ ಸರಿಯಾದದ್ದನ್ನೇ ತನ್ನಿ. ಹಿಂದಿನ ದಿನವೇ ಹೋಟೆಲ್ ಅಂಗಳದಲ್ಲಿ ಒಮ್ಮೆ ಕಟ್ಟಿ ಬಿಚ್ಚಿ. ಹಿಮದಲ್ಲಿ ಮರಗಟ್ಟಿದ ಬೆರಳಲ್ಲಿ ಮೊದಲ ಸಲ ಕಲಿಯಲು ಆಗುವುದಿಲ್ಲ. ಏರು ಶುರುವಾಗುವ ಮೊದಲೇ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಚೈನ್ ನೆಲದ ಮೇಲೆ ಹರಡಿ ಸಿಕ್ಕು ಬಿಡಿಸಿ. ಟೈರ್ ಮೇಲೆ ಹೊದಿಸಿ, ಒಳಗಿನ ಕೊಂಡಿ ಮೊದಲು ಹಾಕಿ, ಆಮೇಲೆ ಹೊರಗಿನದು. ನೂರು ಮೀಟರ್ ಓಡಿಸಿ, ಇಳಿದು, ಮತ್ತೆ ಬಿಗಿ ಮಾಡಿ. ಇದನ್ನು ಮಾತ್ರ ಬಿಡಬೇಡಿ. ಸಡಿಲವಾದ ಚೈನ್ ಬ್ರೇಕ್ ಪೈಪನ್ನೇ ಕಿತ್ತು ಹಾಕಬಹುದು. 30 ಕಿಲೋಮೀಟರ್ ವೇಗ ದಾಟಬೇಡಿ. ಬರಿಯ ಡಾಂಬರು ಸಿಕ್ಕ ತಕ್ಷಣ ಬಿಚ್ಚಿ.

ಆನ್‌ಲೈನ್‌ನಲ್ಲಿ ಸಿಗುವ ಪ್ಲಾಸ್ಟಿಕ್ ಪಟ್ಟಿಗಳಿಗೆ ಸುಮ್ನೆ ದುಡ್ಡು ಹಾಕಬೇಡಿ. ಚಳಿಗೆ ಮೊದಲ ತಿರುವಿನಲ್ಲೇ ತುಂಡಾಗುತ್ತವೆ. ಟೈರ್‌ಗೆ ಹೊಡೆಯುವ ಸ್ಪ್ರೇ ಕೂಡ ನಂಬಬೇಡಿ.

5. ಇಳಿಜಾರು

ಎಲ್ಲರೂ ಎಡವುವುದು ಇಲ್ಲಿ. ಫೋರ್ ಬೈ ಫೋರ್ ಗಾಡಿ ಹಿಮದಲ್ಲಿ ಸಲೀಸಾಗಿ ಹೊರಡುತ್ತದೆ, ಸಲೀಸಾಗಿ ಹತ್ತುತ್ತದೆ. ಓಡಿಸುವವರಿಗೆ ಧೈರ್ಯ ಬರುತ್ತದೆ. ಆದರೆ ಬ್ರೇಕ್ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೇ ಇರುವುದು. ನಿಲ್ಲಿಸುವ ವಿಷಯದಲ್ಲಿ ಲಕ್ಷಗಟ್ಟಲೆ ಜಾಸ್ತಿ ಕೊಟ್ಟ ಗಾಡಿಗೂ ಆಲ್ಟೊಗೂ ಅಂಥ ವ್ಯತ್ಯಾಸವಿಲ್ಲ. ಭಾರದ ಗಾಡಿ ಜಾರಲು ಶುರುವಾದರೆ ಹೊಡೆತವೂ ದೊಡ್ಡದು.

ಲೆಕ್ಕ ಹಾಕಿ ನೋಡಿ. 40 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ಡಾಂಬರಿನಲ್ಲಿ ಸುಮಾರು 8 ಮೀಟರ್‌ಗೆ ನಿಲ್ಲುತ್ತದೆ. ಗಟ್ಟಿ ಹಿಮದ ಮೇಲೆ 25ರಿಂದ 30 ಮೀಟರ್. ಮಂಜುಗಡ್ಡೆಯ ಮೇಲೆ 60 ಮೀಟರ್ ದಾಟುತ್ತದೆ. ಇದು ಸಮತಟ್ಟಾದ ರಸ್ತೆಯ ಲೆಕ್ಕ. ಹತ್ತು ಮೀಟರ್‌ಗೆ ಒಂದು ಮೀಟರ್ ಇಳಿಯುವ ರಸ್ತೆಯಲ್ಲಿ, ಚೈನ್ ಇಲ್ಲದೆ, ಮಂಜುಗಡ್ಡೆಯ ಮೇಲೆ ಗಾಡಿ ನಿಲ್ಲದೇ ಹೋಗಬಹುದು. ಬ್ರೇಕ್ ಎಷ್ಟೇ ಒತ್ತಿದರೂ ಹಿಡಿಯಲು ನೆಲವೇ ಸಿಗುವುದಿಲ್ಲ.

ಆದ್ದರಿಂದ ಇಳಿಯುವ ಮೊದಲೇ, ಮೇಲೆಯೇ ನಿಂತು ಗೇರ್ ಬದಲಿಸಿ. ಮಾಮೂಲಿ ಕಾರಾದರೆ ಮೊದಲ ಗೇರ್. ಫೋರ್ ಬೈ ಫೋರ್ ಆದರೆ ಲೋ ಹಾಕಿ ಮೊದಲ ಅಥವಾ ಎರಡನೇ ಗೇರ್. ಇಳಿಜಾರಿನಲ್ಲಿ ಫೋರ್ ಬೈ ಫೋರ್‌ಗೆ ನಿಜವಾದ ಲಾಭ ಅಂತ ಇರುವುದು ಇದೊಂದೇ. ಎಂಜಿನ್ ಹಿಡಿದು ನಿಲ್ಲಿಸುವ ಬಲ ಎರಡು ಚಕ್ರದ ಬದಲು ನಾಲ್ಕಕ್ಕೂ ಹಂಚಿಹೋಗುತ್ತದೆ. ಗಾಡಿ ನಡಿಗೆಯ ವೇಗದಲ್ಲಿ ತೆವಳಲಿ. ಕ್ಲಚ್ ಒತ್ತಬೇಡಿ. ನ್ಯೂಟ್ರಲ್ ಅಂತೂ ಬೇಡವೇ ಬೇಡ. ಮುಂದಿನ ಗಾಡಿ ಇಡೀ ತಿರುವು ಇಳಿದು ಮುಗಿಯುವವರೆಗೆ ಕಾಯಿರಿ. ಹಿಂದಿನವರು ಹಾರ್ನ್ ಹೊಡೆಯಲಿ ಬಿಡಿ.

ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತಿದ್ದರೆ ಬ್ರೇಕಿನಿಂದ ಕಾಲು ತೆಗೆಯಿರಿ. ಉರುಳುವ ಚಕ್ರ ಮಾತ್ರ ತಿರುಗಿಸಿದ ಕಡೆ ಹೋಗುತ್ತದೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಇದ್ದರೆ ಬ್ರೇಕ್ ಒತ್ತಿದಾಗ ಪೆಡಲ್ ದಡದಡ ಅನ್ನುತ್ತದೆ, ಹೆದರಬೇಡಿ.

ನೆರಳಿನ ತಿರುವು, ಸೇತುವೆ, ರಸ್ತೆಗೆ ನೀರು ಹರಿಯುವ ಜಾಗ, ಈ ಮೂರರಲ್ಲಿ ಕಪ್ಪು ಮಂಜುಗಡ್ಡೆ, ಅಂದರೆ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆಯ ಪದರ ಇರುತ್ತದೆ. ನೋಡಲು ಬರಿಯ ಒದ್ದೆ ಡಾಂಬರು. ಬೆಳಿಗ್ಗೆ ಬಿಸಿಲು ಬೀಳುವ ಮೊದಲು, ಸಂಜೆ ನಾಲ್ಕರ ಮೇಲೆ ಅಲ್ಲಿ ಇರಲೇಬೇಡಿ.

ಪಾರ್ಟ್ ಟೈಮ್ ಫೋರ್ ಬೈ ಫೋರ್ (ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಹಾಕುವಂಥದ್ದು) ಆದರೆ ಒಣ ರಸ್ತೆ ಬಂದ ಕೂಡಲೇ ಟು ವೀಲ್‌ಗೆ ಹಾಕಿ. ಇಲ್ಲದಿದ್ದರೆ ತಿರುವಿನಲ್ಲಿ ಗಾಡಿ ಎಳೆದಂತಾಗಿ ಗೇರ್ ಭಾಗಗಳು ಹಾಳಾಗುತ್ತವೆ.

6. ರಾತ್ರಿ ನಿಲ್ಲಿಸುವುದು

ಸಮತಟ್ಟಾದ ಜಾಗ ನೋಡಿ. ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಹೆಪ್ಪುಗಟ್ಟಿ ಅಂಟಿಕೊಳ್ಳಬಹುದು. ಮೊದಲ ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ವೈಪರ್ ಎತ್ತಿ ನಿಲ್ಲಿಸಿ. ಚೈನ್ ಒರೆಸಿ ಒಳಗೆ ಇಟ್ಟುಕೊಳ್ಳಿ. ಹೊರಗೆ ಬಿಟ್ಟರೆ ಬೆಳಿಗ್ಗೆ ಅದೂ ಹೆಪ್ಪುಗಟ್ಟಿ ಒಂದೇ ಮುದ್ದೆಯಾಗಿರುತ್ತದೆ.