ಡಾಕ್ಟರ್ ಪತ್ರದಲ್ಲಿ ಕಾಯಿಲೆಯ ಹೆಸರಷ್ಟೇ ಇದ್ದರೆ ಸಾಲದು

ಖಿನ್ನತೆ, ಆತಂಕ, ಮನಸ್ಥಿತಿ ವಿಪರೀತ ಏರಿಳಿಯುವ ಬೈಪೋಲಾರ್‌ನಂಥ ತೊಂದರೆ ಇದ್ದು, ಕಾಲೇಜಿನಲ್ಲಿ ಪರೀಕ್ಷೆಗೆ ಹೆಚ್ಚುವರಿ ಸಮಯವನ್ನೋ ಬೇರೆ ಕೊಠಡಿಯನ್ನೋ ಕೇಳಬೇಕು ಅಂದುಕೊಂಡವರಿಗೆ ಒಂದು ಮಾತು. ನಾನು ಮೊದಲ ಸಲ ಕಾಲೇಜಿಗೆ ಕೊಟ್ಟ ಡಾಕ್ಟರ್ ಪತ್ರದಲ್ಲಿ ಇದ್ದದ್ದು ಒಂದೇ ಸಾಲು: "ಇವರಿಗೆ ಆತಂಕದ ಕಾಯಿಲೆ ಇದೆ, ದಯವಿಟ್ಟು ಸಹಕರಿಸಿ." ಹೋದಷ್ಟೇ ಬೇಗ ವಾಪಸ್ ಬಂತು!

ಕಾಯಿಲೆಯಿಂದ ಓದಿಗೆ ಏನು ಅಡ್ಡಿ ಆಗುತ್ತಿದೆ ಅನ್ನುವುದೇ ಕಾಲೇಜಿನವರಿಗೆ ಬೇಕಾದ್ದು. ಮತ್ತೆ ಡಾಕ್ಟರ ಹತ್ತಿರ ಹೋಗುವ ಮುಂಚೆ ಒಂದು ಹಾಳೆಯಲ್ಲಿ ಬರೆದುಕೊಂಡೆ. ರಾತ್ರಿಯ ಮಾತ್ರೆಯಿಂದ ಬೆಳಗ್ಗೆ ಹತ್ತರವರೆಗೂ ಮಂಪರು. ತುಂಬಿದ ಹಾಲ್‌ನಲ್ಲಿ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಓದಿದರೂ ತಲೆಗೆ ಹೋಗುವುದಿಲ್ಲ. ಡಾಕ್ಟರು ಅದನ್ನು ನೋಡಿಕೊಂಡು, ಮಂಪರಿಗೆ ಮಧ್ಯಾಹ್ನದ ಪರೀಕ್ಷೆ, ಹಾಲ್‌ ತೊಂದರೆಗೆ ಚಿಕ್ಕ ಕೊಠಡಿ ಅಂತ ಒಂದೊಂದಕ್ಕೂ ಜೋಡಿಸಿ ಬರೆದರು. ಕೆಲಸ ಆಗಿದ್ದು ಅದರಿಂದಲೇ.

ಲೆಟರ್‌ಹೆಡ್, ಸಹಿ, ಇತ್ತೀಚಿನ ದಿನಾಂಕ, ಎಷ್ಟು ಕಾಲದಿಂದ ಚಿಕಿತ್ಸೆ ನಡೆದಿದೆ ಅನ್ನುವುದು ಇರಲಿ. ಮನೆಯವರೇ ಡಾಕ್ಟರಾಗಿದ್ದರೂ ಅವರಿಂದ ಬರೆಸಬೇಡಿ. ಕಾಯಿಲೆ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ ಅಂತಲೂ ಬರೆಸಿ. ಇಲ್ಲದಿದ್ದರೆ "ಈಗ ಚೆನ್ನಾಗೇ ಇದ್ದೀರಲ್ಲ" ಅನ್ನುತ್ತಾರೆ, ಅಲ್ವಾ?

ಇಡೀ ಕೇಸ್ ಫೈಲ್ ಸುಮ್ನೆ ಕೊಡಬೇಡಿ. ಡಾಕ್ಟರ ಮುಂದೆ ಅತ್ತದ್ದೆಲ್ಲ ಕಾಲೇಜಿಗೆ ಯಾಕೆ? ಅರ್ಜಿಯನ್ನಂತೂ ಸೆಮಿಸ್ಟರ್ ಶುರುವಿನಲ್ಲೇ ಹಾಕಿ. ಮುಗಿದುಹೋದ ಪರೀಕ್ಷೆಗೆ ಸಾಮಾನ್ಯವಾಗಿ ಈ ಸೌಲಭ್ಯ ಅನ್ವಯಿಸುವುದಿಲ್ಲ.